ಮ್ಯಾಕ್ರೋ ಮೇಷ್ಟ್ರ ಗಂಟಲು

ಮ್ಯಾಕ್ರೋ ಮೇಷ್ಟ್ರ ಗಂಟಲು ಕೈಕೊಟ್ಟದ್ದು ಸೆಮಿಸ್ಟರ್ ಅರ್ಧ ದಾಟುವ ಹೊತ್ತಿಗೆ. ಅದಕ್ಕೆ ಮುಂಚೆಯೂ ಅದು ಅಂಥ ಗಟ್ಟಿ ಗಂಟಲೇನೂ ಆಗಿರಲಿಲ್ಲ. ವಿಶ್ವವಿದ್ಯಾಲಯದ ಎರಡನೇ ವರ್ಷದವರಿಗೆ ಮಧ್ಯಮ ಹಂತದ ಸಮಗ್ರ ಅರ್ಥಶಾಸ್ತ್ರ, ಅಂದರೆ ಮ್ಯಾಕ್ರೋ, ಹೇಳಿಕೊಡುತ್ತಿದ್ದ ಅವರ ಮಾತು ಮುಂದಿನ ಎರಡು ಬೆಂಚು ದಾಟಿದರೆ ಹೆಚ್ಚು. ಅದರಾಚೆಗೆ ಫ್ಯಾನಿನ ಕಟಕಟ ಸದ್ದಷ್ಟೇ ಕೇಳುತ್ತಿತ್ತು. ಹುಡುಗರು ಅವರಿಗೆ ‘ಪಿಸುಮಾತು’ ಅಂತ ಹೆಸರಿಟ್ಟಿದ್ದರು. ಮನುಷ್ಯ ಮಾತ್ರ ಒಳ್ಳೆಯವರು. ಹೇಳುವುದೆಲ್ಲ ಚಿನ್ನದಂಥ ಪಾಠ ಅಂತ ಮುಂದಿನ ಬೆಂಚಿನವರು ಹೇಳುತ್ತಿದ್ದರು. ಹಿಂದಿನವರು ಅದನ್ನು ನಂಬಿಕೊಂಡು ಸುಮ್ಮನೆ ತೂಕಡಿಸುತ್ತಿದ್ದರು.

ಆ ಹಿಂದಿನ ಬೆಂಚಿನ ಗೋಡೆ ಬದಿಯಲ್ಲಿ ಒಬ್ಬ ಹುಡುಗಿ ಕೂರುತ್ತಿದ್ದಳು. ಅವಳಿಗೂ ಒಂದು ಅಡ್ಡಹೆಸರಿತ್ತು: ಗಂಟೆ. ಅವಳ ಅಪ್ಪ ವಿದ್ಯುತ್ ಮಗ್ಗಗಳ ಶೆಡ್ಡಿನಲ್ಲಿ ಕೆಲಸ ಮಾಡಿ ಮಾಡಿ ಕಿವಿ ಕಳೆದುಕೊಂಡಿದ್ದ. ಅವರ ಮನೆಯಲ್ಲಿ ಉಪ್ಪು ಕೇಳುವುದಕ್ಕೂ ಕಿರುಚಬೇಕು. ಹೀಗೆ ಬೆಳೆದವಳ ದನಿ ಹೇಗಿರಬೇಡ! ಶಾಲೆಯಲ್ಲಿ ಅವಳು ಗುಟ್ಟು ಹೇಳಿದರೆ ಪಕ್ಕದ ಕೋಣೆಯವರು ನಗುತ್ತಿದ್ದರು. ಎಲ್ಲರ ಬಾಯಲ್ಲೂ ಒಂದೇ ಮಾತು, “ಮೆಲ್ಲಗೆ ಕಣೇ, ಮೆಲ್ಲಗೆ.” ಕೇಳಿ ಕೇಳಿ ಸಾಕಾಗಿ ಅವಳು ವಿಶ್ವವಿದ್ಯಾಲಯಕ್ಕೆ ಬಂದ ಮೇಲೆ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಅರ್ಥವಾಗದಿದ್ದರೂ ಕೇಳುತ್ತಿರಲಿಲ್ಲ. ಅದರ ಫಲ ಹಿಂದಿನ ವರ್ಷವೇ ಸಿಕ್ಕಿತ್ತು. ಉಳಿದೆಲ್ಲ ವಿಷಯ ಪಾಸಾಗಿ ಮ್ಯಾಕ್ರೋದಲ್ಲಿ ಮಾತ್ರ ಫೇಲಾಗಿ, ಈ ವರ್ಷ ತನಗಿಂತ ಚಿಕ್ಕವರ ಜೊತೆ ಕೂತು ಅದೇ ಪಾಠ ಕೇಳುತ್ತಿದ್ದಳು. ಕೇಳುತ್ತಿದ್ದಳು ಅನ್ನುವುದೂ ತಪ್ಪು, ನೋಡುತ್ತಿದ್ದಳು.

ಆ ಸೋಮವಾರ ಮೇಷ್ಟ್ರು ಕ್ಲಾಸಿಗೆ ಬಂದಾಗ ಕೊರಳಲ್ಲಿ ದಾರ ಕಟ್ಟಿದ ಒಂದು ಪುಟ್ಟ ಬಿಳಿ ಹಲಗೆ ನೇತಾಡುತ್ತಿತ್ತು. ಹಿಂದೆಯೇ ವಿಭಾಗದ ಮುಖ್ಯಸ್ಥೆ ಬಂದರು. ಅವರದ್ದು ಯಾವಾಗಲೂ ರೈಲು ತಪ್ಪಿಹೋಗುವಂಥ ಗಡಿಬಿಡಿ.

“ನೋಡಿ, ಸರ್ ಗಂಟಲಲ್ಲಿ ಒಂದು ಗಂಟು ಎದ್ದಿದೆ. ಡಾಕ್ಟ್ರು ಮಾತೇ ಆಡಬಾರದು ಅಂದಿದ್ದಾರೆ. ಇನ್ನು ಸ್ವಲ್ಪ ದಿನಕ್ಕೆ ಆಪರೇಷನ್ನು. ಬೇರೆ ಯಾರಾದ್ರೂ ಸಿಗ್ತಾರಾ ಅಂತ ನಾನು ಎಲ್ಲ ಕಡೆ ಕೇಳಿದ್ದಾಯ್ತು. ಯಾರೂ ಸಿಗಲಿಲ್ಲ. ಈ ಪೇಪರನ್ನ ಈ ಸಲಕ್ಕೆ ಕೈಬಿಡೋಣ, ಮುಂದಿನ ವರ್ಷ ನೋಡೋಣ ಅಂತ ನನಗೆ ಅನಿಸ್ತಿದೆ.”

ಕ್ಲಾಸೆಲ್ಲ ಗುಸುಗುಸು. ಗಂಟೆ ಬೆರಳು ಮಡಚಿ ಲೆಕ್ಕ ಹಾಕಿದಳು. ಮುಂದಿನ ವರ್ಷ ಅಂದರೆ ಅವಳ ಪದವಿಯೂ ಮುಂದಿನ ವರ್ಷಕ್ಕೆ. ಅಷ್ಟರಲ್ಲಿ ಮೇಷ್ಟ್ರು ತಲೆಯಾಡಿಸಿ ಹಲಗೆಯ ಮೇಲೆ ಏನೋ ಬರೆದು ಎತ್ತಿ ಹಿಡಿದರು. ಹಿಂದಿನವರು ಎದ್ದು ನಿಂತು ಓದಿದರು.

‘ಪಾಠ ನಿಲ್ಲುವುದಿಲ್ಲ. ನಾನು ಬರೆದು ತರುತ್ತೇನೆ. ಓದಲು ಒಂದು ದನಿ ಬೇಕು. ಜೋರು ದನಿ ಯಾರದ್ದು?’

ಬೆಂಚುಗಳ ಮೇಲಿನ ತಲೆಗಳೆಲ್ಲ ಸೂರ್ಯಕಾಂತಿ ತಿರುಗಿದ ಹಾಗೆ ಗೋಡೆ ಬದಿಗೆ ತಿರುಗಿದವು.

“ನಾನಾ? ನನ್ನ ಕೈಲಿ ಆಗಲ್ಲ ಸರ್!” ಅಂದಳು ಗಂಟೆ. ಹೇಳಿದ್ದು ಸಹಜವಾಗಿಯೇ. ಕಿಟಕಿಯ ಗಾಜು ಮಾತ್ರ ಸಣ್ಣಗೆ ನಡುಗಿತು. ಮುಖ್ಯಸ್ಥೆ ಬೆಚ್ಚಿಬಿದ್ದರು. ಮೇಷ್ಟ್ರ ಮುಖದಲ್ಲಿ ನಗು ಮೂಡಿತು. ಅವರು ಹಲಗೆ ಒರೆಸಿ ಎರಡು ಪದ ಬರೆದರು, ‘ಇವಳೇ ಸರಿ.’

ಮೊದಲ ದಿನ ಅವಳು ಮೇಷ್ಟ್ರ ಪಕ್ಕ ನಿಂತು ವಾರ್ತೆ ಓದುವವರಂತೆ ಓದಿದಳು. ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಗೆರೆ ಎಳೆದರು. ಒಂದು ಮೇಲಿನಿಂದ ಕೆಳಕ್ಕೆ ಇಳಿಯುವ ಗೆರೆ, ಐಎಸ್. ಒಂದು ಕೆಳಗಿನಿಂದ ಮೇಲಕ್ಕೆ ಏರುವ ಗೆರೆ, ಎಲ್‌ಎಂ. ಒಂದು ಸರಕು ಸೇವೆಗಳ ಮಾರುಕಟ್ಟೆಯ ಕಥೆ, ಇನ್ನೊಂದು ಹಣದ ಮಾರುಕಟ್ಟೆಯ ಕಥೆ. ಹಿಂದಿನ ಬೆಂಚಿನವರು ಆ ವರ್ಷ ಮೊದಲ ಬಾರಿಗೆ ಇಡೀ ಪಾಠ ಕೇಳಿಸಿಕೊಂಡರು. ಎಲ್ಲ ಚೆನ್ನಾಗಿಯೇ ನಡೆದಿತ್ತು. ಆದರೆ ಕೊನೆಯಲ್ಲಿ ಮುಂದಿನ ಬೆಂಚಿನ ಕನ್ನಡಕದ ಹುಡುಗ ಕೈ ಎತ್ತಿಬಿಟ್ಟ.

“ಸರ್ಕಾರ ಖರ್ಚು ಜಾಸ್ತಿ ಮಾಡಿದ್ರೆ ಉತ್ಪಾದನೆ ಹೆಚ್ಚತ್ತೆ, ಸರಿ. ಬಡ್ಡಿ ದರ ಯಾಕೆ ಏರಬೇಕು? ಸರ್ಕಾರಕ್ಕೂ ಬಡ್ಡಿಗೂ ಏನು ಸಂಬಂಧ?”

ಗಂಟೆ ಹಾಳೆ ತಿರುವಿದಳು. ಅಲ್ಲಿ ಉತ್ತರವಿರಲಿಲ್ಲ. ಮೇಷ್ಟ್ರ ಕಡೆ ನೋಡಿದಳು. ಅವರು ಬರೆದು ತೋರಿಸಿದರು, ‘ನೀನೇ ಹೇಳು.’

“ನನಗೆ ಗೊತ್ತಿಲ್ಲ!” ಅಂದಳು. ಕಾರಿಡಾರಿನಲ್ಲಿ ಹೋಗುತ್ತಿದ್ದವರೂ ನಿಂತು ಇಣುಕಿದರು. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಕ್ಲಾಸು ಮುಗಿದ ಮೇಲೆ ಮೇಷ್ಟ್ರು ಅವಳನ್ನು ತಮ್ಮ ಕೋಣೆಗೆ ಕರೆದರು. ಸೈಕಲ್ ಸ್ಟ್ಯಾಂಡಿನ ಕಡೆ ಕಿಟಕಿಯಿದ್ದ ಇಕ್ಕಟ್ಟಿನ ಕೋಣೆ ಅದು. ಕಬ್ಬಿಣದ ಬೀರುವಿನ ಮೇಲೆ ಹಳೆಯ ಉತ್ತರಪತ್ರಿಕೆಗಳ ಕಟ್ಟುಗಳು ಸೂರು ಮುಟ್ಟುವಂತಿದ್ದವು. ಅವಳು ಬಾಗಿಲಲ್ಲೇ ನಿಂತು, “ಸರ್, ಬೇರೆ ಯಾರನ್ನಾದ್ರೂ ಇಟ್ಕೊಳ್ಳಿ. ಫೇಲಾದವಳು ಪಾಠ ಓದಿದ್ರೆ ಎಲ್ಲರೂ ನಗ್ತಾರೆ,” ಅಂದಳು.

ಮೇಷ್ಟ್ರು ಕುರ್ಚಿ ತೋರಿಸಿ ಹಲಗೆಯ ಮೇಲೆ ಬರೆದರು. ‘ಸರ್ಕಾರದ ಖರ್ಚಿನಿಂದ ಆದಾಯ ಹೆಚ್ಚಾದರೆ, ಜನರ ಕೈಗೆ...’ ಅಷ್ಟಕ್ಕೇ ನಿಲ್ಲಿಸಿ ಅವಳ ಮುಖ ನೋಡಿದರು.

“ಕೈಗೆ ಏನು ಸರ್? ಬಳೆ ಬೇಕಾಗತ್ತಾ?”

ಅವರು ನಗುವನ್ನು ನುಂಗಿಕೊಂಡು ತಲೆಯಾಡಿಸಿದರು. ನಗುವುದಕ್ಕೂ ಡಾಕ್ಟರು ಅನುಮತಿ ಕೊಟ್ಟಿರಲಿಲ್ಲ. ಅವಳು ಯೋಚಿಸಿದಳು. “ದುಡ್ಡು ಬೇಕಾಗತ್ತೆ. ಜಾಸ್ತಿ ಕೊಳ್ತಾರೆ, ಜಾಸ್ತಿ ಮಾರ್ತಾರೆ. ವ್ಯವಹಾರಕ್ಕೆ ಕೈಯಲ್ಲಿ ದುಡ್ಡಿರಬೇಕು.”

ಅವರು ‘ಆದರೆ’ ಅಂತ ಬರೆದು ಮತ್ತೆ ನಿಲ್ಲಿಸಿದರು.

“ಆದರೆ... ಕೇಂದ್ರ ಬ್ಯಾಂಕು ದುಡ್ಡನ್ನ ಹೆಚ್ಚು ಮಾಡಿಲ್ಲ. ಇರೋದು ಅಷ್ಟೇ.” ಅವಳು ಹಾಗೇ ತಡೆದಳು. “ಹಾಗಾದ್ರೆ ಎಲ್ಲರೂ ಇಟ್ಕೊಂಡಿರೋ ಬಾಂಡು, ಅಂದ್ರೆ ಸಾಲಪತ್ರ, ಮಾರೋಕೆ ಹೊರಡ್ತಾರೆ. ಬಾಂಡಿನ ಬೆಲೆ ಬೀಳತ್ತೆ. ಕಮ್ಮಿ ಬೆಲೆಗೆ ಕೊಂಡೋನಿಗೂ ಬರೋ ಬಡ್ಡಿ ಅಷ್ಟೇ, ಅಂದ್ರೆ ಬಡ್ಡಿ ದರ ಏರಿತು ಅಂತ ಅರ್ಥ. ಅಯ್ಯೋ ಸರ್, ಇಷ್ಟೇನಾ?”

ಮೇಷ್ಟ್ರು ಕುರ್ಚಿಗೆ ಒರಗಿ ಎರಡೂ ಕೈ ಅಗಲಿಸಿದರು, ಇಷ್ಟೇ ಅನ್ನುವಂತೆ.

ಅವತ್ತಿನಿಂದ ಅದೇ ಅಭ್ಯಾಸವಾಯಿತು. ಕ್ಲಾಸಿಗೆ ಮೊದಲು ಅವಳು ಆ ಕೋಣೆಗೆ ಹೋಗುವುದು, ಅವರು ಅರ್ಧ ವಾಕ್ಯ ಬರೆಯುವುದು, ಉಳಿದರ್ಧವನ್ನು ಅವಳು ಹುಡುಕುವುದು. ತಪ್ಪಿದರೆ ಅವರು ಮೇಜನ್ನು ಒಮ್ಮೆ ತಟ್ಟುತ್ತಿದ್ದರು. ಆಮೇಲೆ ಮತ್ತೆ ಯೋಚನೆ. ಬೈಗುಳವಿಲ್ಲ, ಉಪದೇಶವಿಲ್ಲ. ಉಳಿತಾಯ ಹೆಚ್ಚಿದರೆ ದೇಶದ ಬಂಡವಾಳ ಎಲ್ಲಿಯವರೆಗೆ ಬೆಳೆಯುತ್ತದೆ, ಯಂತ್ರಗಳ ಸವಕಳಿ ಅದನ್ನು ಎಲ್ಲಿ ಹಿಡಿದು ‘ಸ್ಥಿರ ಸ್ಥಿತಿ’ಯಲ್ಲಿ ನಿಲ್ಲಿಸುತ್ತದೆ ಅನ್ನುವುದನ್ನು ಅವಳು ಹೀಗೆ ತಡವರಿಸುತ್ತಲೇ ಕಲಿತಳು. ಕ್ಲಾಸಿನಲ್ಲಿ ಈಗ ಹಾಳೆ ನೋಡುವುದು ಕಡಿಮೆಯಾಗಿತ್ತು. ಮೇಷ್ಟ್ರು ಒಂದು ಬಾಣ ಹಾಕಿದರೆ ಅದರ ಕಥೆ ಅವಳೇ ಹೇಳುತ್ತಿದ್ದಳು. ಕನ್ನಡಕದವನು ಪ್ರಶ್ನೆ ಕೇಳುವುದನ್ನು ಬಿಡಲಿಲ್ಲ, ಅವಳು ಹೆದರುವುದನ್ನು ಬಿಟ್ಟಳು. ‘ಮೇಷ್ಟ್ರ ಗಂಟಲಿಗೆ ಗಂಟು, ನಮ್ಮ ಕ್ಲಾಸಿಗೆ ಗಂಟೆ’ ಅಂತ ಯಾರೋ ತಮಾಷೆ ಮಾಡಿದಾಗ ಅವಳೂ ಸೇರಿಕೊಂಡು ನಕ್ಕಳು.

ಮನೆಯಲ್ಲಿ ಅವಳ ಪಾಠಕ್ಕೆ ಅಪ್ಪನೇ ಕೇಳುಗ. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅವಳು, “ಹಣದುಬ್ಬರ ಅಂದ್ರೆ ಏನು ಗೊತ್ತಾ ಅಪ್ಪಾ?” ಅಂತ ಕೂಗುತ್ತಿದ್ದಳು.

“ಹಲ್ಲು ಉಬ್ಬಿದೆಯಾ? ಯಾರಿಗೆ?”

“ಹಲ್ಲಲ್ಲ ಅಪ್ಪಾ, ಹಣ! ಹಣದುಬ್ಬರ!”

“ಉಬ್ಬಿದ್ರೆ ತಂತಿ ಹಾಕಿಸ್ಬೇಕು ಬಿಡು. ಚಿಕ್ಕ ವಯಸ್ಸಲ್ಲೇ ಹಾಕಿಸಿದ್ರೆ ಸರಿಹೋಗತ್ತೆ.”

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. “ಇವರಿಗೆ ಅರ್ಥ ಮಾಡಿಸೋ ಅಷ್ಟು ಹೊತ್ತಿಗೆ ನಿನ್ನ ಪರೀಕ್ಷೆನೇ ಮುಗಿದಿರತ್ತೆ ಕಣೇ,” ಅನ್ನುತ್ತಿದ್ದಳು.

ಆಪರೇಷನ್ ಆಯಿತು. ಕ್ಲಾಸಿಗೆ ಒಂದಷ್ಟು ದಿನ ರಜೆ. ಮೇಷ್ಟ್ರು ಮತ್ತೆ ಬಂದಾಗ ಅದೇ ಹಲಗೆ, ಅದೇ ಮೌನ. ಗಾಯ ಒಣಗುವವರೆಗೆ ಒಂದು ಅಕ್ಷರವನ್ನೂ ಉಸುರಬಾರದು ಅಂತ ಡಾಕ್ಟರು ಹೇಳಿದ್ದರಂತೆ. ಎಲ್ಲ ಸುಸೂತ್ರವಾಯಿತು ಅಂತಲೇ ಕ್ಲಾಸು ಅಂದುಕೊಂಡಿತು. ಆದರೆ ಗಂಟೆಗೆ ಏನೋ ಸರಿಯಿಲ್ಲ ಅನ್ನಿಸಿತು. ಅವರು ಬರೆದು ತಂದ ಹಾಳೆಯಲ್ಲಿ ಒಂದೇ ವಾಕ್ಯ ಎರಡು ಸಲ ಇತ್ತು. ಮೇಜನ್ನು ತಟ್ಟಬೇಕಾದ ಕಡೆ ತಟ್ಟದೆ ಕಿಟಕಿಯಾಚೆ ನೋಡುತ್ತಿದ್ದರು.

ಅವರಿಗೆ ಊಟ ತಂದಿದ್ದ ಅವರ ಹೆಂಡತಿ ಕಾರಿಡಾರಿನಲ್ಲಿ ಸಿಕ್ಕಿದರು. ಔಷಧಿ ಅಂಗಡಿ ನಡೆಸುತ್ತಿದ್ದ, ಚುರುಕು ನಡಿಗೆಯ ಹೆಂಗಸು ಅವರು. ಗಂಟೆ ತಡೆದು ನಿಲ್ಲಿಸಿ, ತನ್ನ ಕೈಲಾದಷ್ಟು ಮೆಲ್ಲಗೆ ಕೇಳಿದಳು. “ಆಂಟಿ, ಸರ್ ಹುಷಾರಾಗಿದ್ದಾರೆ ತಾನೆ?”

ಅವರು ಸುತ್ತ ನೋಡಿದರು. “ಯಾರಿಗೂ ಹೇಳ್ಬೇಡ ಅಂದಿದ್ದಾರೆ. ಆದ್ರೆ ನೀನು ದಿನಾ ಅವರ ಜೊತೆ ಇರೋಳು. ತೆಗೆದಿರೋ ಗಂಟನ್ನ ಪರೀಕ್ಷೆಗೆ ಕಳಿಸಿದ್ದಾರಮ್ಮ. ಅದು ಒಳ್ಳೇದಾ ಕೆಟ್ಟದ್ದಾ ಅಂತ ಇನ್ನೂ ಹೇಳಿಲ್ಲ. ಗುರುವಾರ ಬೆಳಗ್ಗೆ ಹೇಳ್ತಾರೆ.” ಊಟದ ಡಬ್ಬಿಯ ಹಿಡಿಯನ್ನು ಅವರು ಬಿಗಿಯಾಗಿ ಹಿಡಿದಿದ್ದರು. “ಆಸ್ಪತ್ರೆಗೆ ಬನ್ನಿ ಅಂದ್ರೆ ಇಲ್ಲ, ಅವತ್ತು ಕ್ಲಾಸಿದೆ ಅಂತಾರೆ. ನೀನು ಹೋಗಿ ಕೇಳ್ಕೊಂಡು ಬಾ ಅಂತ ಬರೆದು ತೋರಿಸಿದ್ರು. ಅಲ್ಲಿ ಕೂತ್ಕೊಂಡು ಕಾಯೋಕೆ ಇವರ ಕೈಲಿ ಆಗಲ್ಲ, ಅಷ್ಟೆ.”

“ಒಳ್ಳೇದೇ ಆಗತ್ತೆ ಆಂಟಿ,” ಅಂದಳು ಗಂಟೆ. ಎಲ್ಲರೂ ಹೇಳುವ ಮಾತು. ಆದರೂ ಆ ಹೆಂಗಸು ಅವಳ ಭುಜ ಒತ್ತಿ ಹೋದರು.

ಗುರುವಾರದ ಪಾಠ ನಿರುದ್ಯೋಗ ಮತ್ತು ಹಣದುಬ್ಬರದ ಸಂಬಂಧದ ಮೇಲೆ. ಮೇಷ್ಟ್ರು ಇಳಿಜಾರಿನ ಗೆರೆಯೊಂದನ್ನು ಎಳೆದರು. ನಿರುದ್ಯೋಗ ಕಡಿಮೆಯಾದರೆ ಹಣದುಬ್ಬರ ಹೆಚ್ಚು, ನಿರುದ್ಯೋಗ ಹೆಚ್ಚಾದರೆ ಹಣದುಬ್ಬರ ಕಡಿಮೆ. ಆಮೇಲೆ ಪಕ್ಕದಲ್ಲಿ ‘ನಿರೀಕ್ಷೆ’ ಅಂತ ಬರೆಯಲು ಹೋದರು. ‘ನಿರೀ’ ತನಕ ಬಂದ ಸೀಮೆಸುಣ್ಣ ಅಲ್ಲೇ ನಿಂತಿತು. ಅವರು ಹಲಗೆಗೆ ಕೈಯಾನಿಸಿ ನಿಂತರು. ಬೆನ್ನು ಕ್ಲಾಸಿನ ಕಡೆಗಿತ್ತು. ಬಾಗಿಲಾಚೆ ಯಾರದ್ದೋ ಹೆಜ್ಜೆ ಸದ್ದು ಕೇಳಿದಾಗ ಅವರ ಭುಜಗಳು ಬಿಗಿದುಕೊಂಡವು. ಹೆಜ್ಜೆ ಮುಂದೆ ಹೋಯಿತು.

ಗಂಟೆ ಹೋಗಿ ಅವರ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡಳು. “ಸರ್, ನೀವು ಕೂತ್ಕೊಳ್ಳಿ. ಇದನ್ನ ನಾನು ಹೇಳ್ತೀನಿ,” ಅಂದಳು. ಅವರು ಒಂದು ಕ್ಷಣ ಅವಳನ್ನು ನೋಡಿ, ಮುಂದಿನ ಬೆಂಚಿನಲ್ಲಿ ಕನ್ನಡಕದವನ ಪಕ್ಕ ಹೋಗಿ ಕೂತರು.

ಆ ದಿನದ ಹಾಳೆಯಲ್ಲಿ ಇದ್ದದ್ದು ಅರ್ಧ ಪುಟ. ಮೊದಲಿಗೆ ಅವಳು ಆ ಪದವನ್ನು ಪೂರ್ತಿ ಮಾಡಿದಳು. ಆಮೇಲೆ ಕ್ಲಾಸಿಗೆ ತಿರುಗಿದಳು.

“ಈ ಗೆರೆ ಇದ್ದಲ್ಲೇ ಇರೋದಾದ್ರೆ ಸರ್ಕಾರಕ್ಕೆ ತುಂಬಾ ಸುಲಭ. ಸ್ವಲ್ಪ ಹಣದುಬ್ಬರ ತಡ್ಕೋತೀವಿ, ಎಲ್ಲರಿಗೂ ಕೆಲಸ ಕೊಡ್ತೀವಿ ಅಂತ ಹೇಳಿಬಿಡಬಹುದು. ಆದ್ರೆ ಜನ ಪೆದ್ದರಲ್ಲ. ಮುಂದಿನ ವರ್ಷ ಬೆಲೆ ಏರತ್ತೆ ಅಂತ ಅವರಿಗೆ ಅನಿಸಿಬಿಟ್ರೆ ಏನು ಮಾಡ್ತಾರೆ? ಈಗಲೇ ಸಂಬಳ ಜಾಸ್ತಿ ಕೇಳ್ತಾರೆ. ಸಂಬಳ ಜಾಸ್ತಿ ಕೊಟ್ಟ ಮಾಲೀಕ ಸಾಮಾನಿನ ಬೆಲೆ ಏರಿಸ್ತಾನೆ. ಆಗ ಈ ಗೆರೆ...” ಅವಳು ಹೊಸ ಗೆರೆಯನ್ನು ಹಳೆಯದರ ಕೆಳಗೆ ಎಳೆದಳು.

ಮುಂದಿನ ಬೆಂಚಿನಿಂದ ಟಕ್ ಅಂತ ಸದ್ದು ಬಂತು. ಮೇಷ್ಟ್ರು ಬೆಂಚನ್ನು ತಟ್ಟಿದ್ದರು.

ಅವಳು ತಾನು ಎಳೆದ ಗೆರೆ ನೋಡಿದಳು. “ತಪ್ಪು, ತಪ್ಪು. ಕೆಳಗಲ್ಲ, ಮೇಲೆ!” ಅಂಗೈಯಿಂದಲೇ ಅಳಿಸಿ ಮತ್ತೆ ಎಳೆದಳು. “ನಿರುದ್ಯೋಗ ಮೊದಲು ಇದ್ದಷ್ಟೇ ಇದೆ, ಹಣದುಬ್ಬರ ಮಾತ್ರ ಮೊದಲಿಗಿಂತ ಹೆಚ್ಚು. ಯಾಕೆ? ಯಾರೂ ಹೊಸದಾಗಿ ಏನೂ ಮಾಡಿಲ್ಲ. ಏರತ್ತೆ ಅಂತ ಎಲ್ಲರೂ ಹೆದರಿದ್ರು, ಅದಕ್ಕೇ ಏರಿತು.”

“ಹಾಗಾದ್ರೆ ಹೆದರಬೇಡಿ ಅಂತ ಹೇಳಿದ್ರೆ ಸಾಕಾ?” ಕನ್ನಡಕದವನು ಕೇಳಿದ.

“ಹೇಳೋರು ಯಾರು ಅನ್ನೋದರ ಮೇಲಿದೆ. ಜನ ನಂಬೋ ಅಂಥ ಕೇಂದ್ರ ಬ್ಯಾಂಕ್ ಹೇಳಿದ್ರೆ ಗೆರೆ ಕೆಳಗಿಳಿಯತ್ತೆ. ಮಾತು ತಪ್ಪೋ ಅಂಥದ್ದು ಹೇಳಿದ್ರೆ ಯಾರೂ ಕಿವಿಗೆ ಹಾಕ್ಕೊಳಲ್ಲ. ಆಗ ಬಡ್ಡಿ ಏರಿಸ್ಬೇಕು, ಒಂದಷ್ಟು ಜನ ಕೆಲಸ ಕಳ್ಕೋಬೇಕು, ಆಮೇಲೆ ನಂಬಿಕೆ ಬರತ್ತೆ. ಅದು ದುಬಾರಿ ದಾರಿ.”

ಕನ್ನಡಕದವನು ತಲೆಯಾಡಿಸಿ ಬರೆದುಕೊಂಡ. ಗಂಟೆ ಮೇಷ್ಟ್ರ ಕಡೆ ನೋಡಿದಳು. ಅವರು ಅವಳನ್ನು ನೋಡುತ್ತಿರಲಿಲ್ಲ. ಅವರ ಕಣ್ಣು ಬಾಗಿಲಿನ ಮೇಲಿತ್ತು.

ಬಾಗಿಲಲ್ಲಿ ಅವರ ಹೆಂಡತಿ ನಿಂತಿದ್ದರು. ಮೆಟ್ಟಿಲನ್ನು ಓಡುತ್ತಲೇ ಹತ್ತಿ ಬಂದಿರಬೇಕು, ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಕೂದಲು ಕೆದರಿತ್ತು. ಅಳುತ್ತಿದ್ದಾರೋ ನಗುತ್ತಿದ್ದಾರೋ ಮುಖ ನೋಡಿ ಹೇಳುವ ಹಾಗಿರಲಿಲ್ಲ. ವಿಷಯವೇ ಗೊತ್ತಿಲ್ಲದ ಕ್ಲಾಸು ಕೂಡ ಏನೋ ಇದೆ ಅಂತ ಅರಿತು ಅತ್ತ ತಿರುಗಿತು.

“ಏನೂ ಇಲ್ಲ ಕಣ್ರೀ,” ಅಂದರು ಅವರು. ಮತ್ತೆ ಹೇಳಿದರು, “ಏನೂ ಇಲ್ವಂತೆ! ಬರೀ ಸಾದಾ ಗಂಟಂತೆ. ಡಾಕ್ಟ್ರೇ ಎದುರು ಕೂರಿಸ್ಕೊಂಡು ಹೇಳಿದ್ರು. ನಾನು ಮೂರು ಸಲ ಕೇಳಿದೆ ರೀ, ಮೂರು ಸಲಾನೂ ಅದನ್ನೇ ಹೇಳಿದ್ರು.”

ಮೇಷ್ಟ್ರು ಎದ್ದು ನಿಂತರು. ಅವರ ಬಾಯಿ ತೆರೆದುಕೊಂಡಿತು.

“ಮಾತಾಡ್ಬೇಡಿ!” ಹೆಂಡತಿ ಮತ್ತು ಗಂಟೆ ಒಟ್ಟಿಗೇ ಕೂಗಿದರು.

ಮೇಷ್ಟ್ರು ಬಾಯಿ ಮುಚ್ಚಿಕೊಂಡು ಬೆಂಚಿನ ಮೇಲೆ ಕುಸಿದು ಕೂತರು. ಮುಖವನ್ನು ಎರಡೂ ಕೈಗಳಲ್ಲಿ ಹುದುಗಿಸಿಕೊಂಡರು. ಭುಜ ಅಲುಗುತ್ತಿತ್ತು. ಆಮೇಲೆ ತಲೆ ಎತ್ತಿದಾಗ ಮುಖವೆಲ್ಲ ಒದ್ದೆಯಾಗಿತ್ತು, ಜೊತೆಗೆ ಕಿವಿಯಿಂದ ಕಿವಿಗೆ ನಗು. ಕ್ಲಾಸಿಗೆ ಆಗ ಎಲ್ಲ ಅರ್ಥವಾಯಿತು. ಯಾರೋ ಚಪ್ಪಾಳೆ ತಟ್ಟಿದರು, ಇನ್ನು ಯಾರೋ ಬೆಂಚು ಬಡಿದರು. ಇಡೀ ಕೋಣೆ ಎದ್ದು ಕುಣಿಯುವ ಮಟ್ಟಕ್ಕೆ ಬಂತು. ಸದ್ದಿಗೆ ಓಡಿ ಬಂದ ಮುಖ್ಯಸ್ಥೆ, “ಏನಿದು ಗಲಾಟೆ!” ಅಂತ ಗದರಿ, ವಿಷಯ ತಿಳಿದ ಮೇಲೆ ಮೇಷ್ಟ್ರ ಹೆಂಡತಿಯನ್ನು ತಬ್ಬಿಕೊಂಡು ತಾವೇ ಎಲ್ಲರಿಗಿಂತ ಹೆಚ್ಚು ಅತ್ತರು. ಗಂಟೆ ಮೇಷ್ಟ್ರ ಮೇಜಿನ ಹಿಂದಿನ ಕುರ್ಚಿಯಲ್ಲಿ ಕೂತುಬಿಟ್ಟಳು. ಸೀಮೆಸುಣ್ಣದ ಕೈಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಬೆಳ್ಳಗೆ ಮಾಡಿಕೊಂಡಳು.

ಪರೀಕ್ಷೆಯ ದಿನ ಅವಳು ನಿಧಾನವಾಗಿ ಪ್ರಶ್ನೆ ಓದಿದಳು. ಎದುರಿಗೆ ಕನ್ನಡಕದವನು ಕೂತು ‘ಯಾಕೆ?’ ಅಂತ ಕೇಳುತ್ತಿದ್ದಾನೆ ಅಂದುಕೊಂಡು ಉತ್ತರ ಬರೆದಳು. ಒಂದು ಕಡೆ ಸಿಕ್ಕಿಹಾಕಿಕೊಂಡಾಗ ಮೇಜನ್ನು ಬೆರಳಿನಿಂದ ತಾನೇ ತಟ್ಟಿಕೊಂಡಳು. ಕೋಣೆ ಕಾಯುತ್ತಿದ್ದವರು ಹುಬ್ಬು ಗಂಟಿಕ್ಕಿ ನೋಡಿದರು.

ಫಲಿತಾಂಶ ಬಂದದ್ದು ಒಂದು ಮಧ್ಯಾಹ್ನ. ಕ್ಲಾಸಿಗೇ ಮೊದಲನೆಯವಳೇನೂ ಅಲ್ಲ. ಆ ಜಾಗ ಕನ್ನಡಕದವನದ್ದೇ. ಆದರೆ ಪಾಸಾಗಿದ್ದಳು, ಅದೂ ಯಾರೂ ಮೂಗು ಮುರಿಯದಂಥ ಅಂಕದಲ್ಲಿ. ಫೋನಿನ ಪರದೆಯನ್ನು ನಾಲ್ಕಾರು ಸಲ ತೆರೆದು ಮುಚ್ಚಿ ತೆರೆದು ನೋಡಿದಳು. ಅಕ್ಷರ ಬದಲಾಗಲಿಲ್ಲ. ಅಮ್ಮನಿಗೆ ಹೇಳಿದಾಗ ಅಮ್ಮ ಒಲೆಯ ಮೇಲಿದ್ದುದನ್ನು ಹಾಗೇ ಬಿಟ್ಟು ಬಂದು ಅವಳ ತಲೆಯನ್ನು ಎದೆಗೊತ್ತಿಕೊಂಡಳು. “ನನ್ನ ತಲೆ ಮೇಲಿನ ಭಾರ ಇಳೀತು ಕಣೇ,” ಅಂದಳು. ಆಮೇಲೆ ಸೀದು ಹೋದ ವಾಸನೆ ಬಂದು ಇಬ್ಬರೂ ಅಡುಗೆಮನೆಗೆ ಓಡಿದರು.

ಮರುದಿನ ಅವಳು ಬಸ್ಸು ಹತ್ತಿ ಮೇಷ್ಟ್ರ ಮನೆಗೆ ಹೋದಳು. ಡಾಕ್ಟರು ಈಗ ದಿನಕ್ಕೆ ಸ್ವಲ್ಪ ಸ್ವಲ್ಪ ಮಾತಾಡಲು ಒಪ್ಪಿಗೆ ಕೊಟ್ಟಿದ್ದರು. ಬಾಗಿಲು ತೆರೆದ ಅವರ ಹೆಂಡತಿ ದೂರು ಹೇಳಿದರು. “ಬಾಮ್ಮ, ಬಾ. ಇವತ್ತಿನ ಪಾಲಿನ ಮಾತೆಲ್ಲ ಬೆಳಗ್ಗೆ ತರಕಾರಿಯವನ ಹತ್ತಿರ ಚೌಕಾಸಿ ಮಾಡೋಕೇ ಖರ್ಚು ಮಾಡಿಬಿಟ್ಟಿದ್ದಾರೆ.”

“ಸ್ವಲ್ಪ ಉಳಿಸಿದೀನಿ,” ಅಂದರು ಒಳಗಿನಿಂದ ಮೇಷ್ಟ್ರು. ದನಿ ಒರಟಾಗಿತ್ತು, ಆದರೆ ದನಿಯೇ ಆಗಿತ್ತು. ಅವಳನ್ನು ಕೂರಿಸಿ, ಯಾವ ಪ್ರಶ್ನೆಗೆ ಏನು ಬರೆದೆ ಅಂತ ಕೇಳಿದರು. ಅವಳು ಒಂದೊಂದಾಗಿ ಹೇಳುತ್ತ ಹೋದಳು. ಸವಕಳಿಯ ಪ್ರಶ್ನೆ ಬಂದಾಗ ಅವರು ಬೆರಳೆತ್ತಿದರು.

“ಸವಕಳಿ ದರ ಹೆಚ್ಚಾದರೆ ಸ್ಥಿರ ಸ್ಥಿತಿಯ ಬಂಡವಾಳ ಹೆಚ್ಚಾಗತ್ತೆ ಅಂತ ಬರೆದ್ಯಾ?”

ಅವಳು ನಾಲಿಗೆ ಕಚ್ಚಿಕೊಂಡಳು. “ಅಯ್ಯೋ! ಕಮ್ಮಿ ಆಗತ್ತೆ ಸರ್. ಗೆರೆ ಸರಿಯಾಗೇ ಹಾಕಿದ್ದೆ, ಬಾಣ ಮಾತ್ರ ಉಲ್ಟಾ ಆಗೋಯ್ತು.”

“ಪರವಾಗಿಲ್ಲ ಬಿಡಮ್ಮ. ಪಾಸಾಯ್ತಲ್ಲ.” ಅವರು ಗಂಟಲು ಸವರಿಕೊಂಡು ನಕ್ಕರು. “ನಾನೂ ಪಾಸಾದೆ. ಸಾಕು.”

ಕುಡಿಯಲು ಕೊಟ್ಟದ್ದನ್ನು ಕುಡಿದು, ಆಂಟಿ ಕೈಗಿಟ್ಟ ಹಣ್ಣು ಚೀಲಕ್ಕೆ ಹಾಕಿಕೊಂಡು ಅವಳು ಹೊರಟಳು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಹೊರಗೆ ಬಿಸಿಲು ಹದವಾಗಿತ್ತು, ಗಾಳಿ ಮುಖಕ್ಕೆ ಬೀಸುತ್ತಿತ್ತು. ಒಂದು ವರ್ಷದಿಂದ ಅವಳು ಬಸ್ಸಿನಲ್ಲಿ ಕೂತಾಗಲೆಲ್ಲ ತೊಡೆಯ ಮೇಲೆ ಪುಸ್ತಕ ಇರುತ್ತಿತ್ತು. ಇವತ್ತು ಏನೂ ಇರಲಿಲ್ಲ. ಕಣ್ಣು ಮುಚ್ಚಿದ್ದೊಂದೇ ನೆನಪು. ಎಚ್ಚರವಾದಾಗ ಬಸ್ಸು ಅವಳ ಸ್ಟಾಪು ದಾಟಿ ಎಷ್ಟೋ ಮುಂದೆ ಬಂದಿತ್ತು. ಕಂಡಕ್ಟರು, “ಒಳ್ಳೆ ನಿದ್ದೆ ಬಂದಿತ್ತು ನಿಮಗೆ, ಎಬ್ಬಿಸೋಕೆ ಮನಸ್ಸಾಗಲಿಲ್ಲ,” ಅಂದ. ಅವಳು ನಗುತ್ತ ಇಳಿದಳು. ಎದುರು ಬದಿಯ ಬಸ್ಸಿಗೆ ಕಾಯುವ ಗೋಜಿಗೆ ಹೋಗದೆ, ಹಣ್ಣು ಕಚ್ಚುತ್ತ ಮನೆಯ ಕಡೆ ನಡೆಯತೊಡಗಿದಳು.